ಸುಗುಣಮ್ಮಜ್ಜಿ ಬೇಡವೆಂದ ಪ್ರಾರ್ಥನೆ

ಅಲ್ಲಾ ಪಾಸ್ಟರ್, ಬೆಹಾಲಾದ ನಮ್ಮ ಕನ್ನಡ ಸಭೆ ಬಿಟ್ಟು ಹೋಗೋವಾಗ ನಮ್ಮಲ್ಲಿ ಒಬ್ಬರನ್ನಾದ್ರೂ ಕೇಳಿದ್ರಾ? ಬೆಂಗಳೂರಿನ ಪ್ರಸಂಗಿಯ ಸಿ.ಡಿ.ಗೆ ಜನ ಮುಗಿಬಿದ್ದಿದ್ದು ನೋಡಿ, "ಇನ್ನು ನಾನ್ಯಾರಿಗೆ ಬೇಕಪ್ಪಾ" ಅಂದ್ರಿ, ಹೊರಟೇಹೋದ್ರಿ. ಈಗ ಚಾಟ್‌ನಲ್ಲೂ ಸಿಗಲ್ಲ. ಇದನ್ನ ಟೈಪ್ ಮಾಡಿ ಅಳಿಸ್ತೀನಿ, ಅಷ್ಟೇ.

ಇವತ್ತು ಆ ಪ್ರಸಂಗಿಯೇ ಬಂದಿದ್ರು. ಮೈಕ್ ಹಿಡ್ಕೊಂಡೇ ಸುಗುಣಮ್ಮಜ್ಜಿಯ ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡೋಕೆ ಹೋದ್ರು. ಅಜ್ಜಿ, "ಬೇಡಪ್ಪಾ, ನಮ್ಮ ಪಾಸ್ಟರ್ ಜಯಶೀಲಯ್ಯ ಬರ್ಲಿ. ಅಲ್ಲೀತನಕ ನೋಯ್ಲಿ ಬಿಡು" ಅಂದ್ರು. ಇಡೀ ಸಭೆ "ಆಮೆನ್" ಅಂತು!

ಆ ಸಿ.ಡಿ.ಗಳನ್ನ ಕಾಪಿ ಮಾಡಿ ಹಂಚಿದ್ದು ನಾನು. ನಿಮ್ಮ ಪ್ರಸಂಗ ಒಂದನ್ನೂ ರೆಕಾರ್ಡ್ ಮಾಡ್ಲಿಲ್ಲ, ನೀವು ಪ್ರತಿ ಭಾನುವಾರ ಇರ್ತೀರಲ್ಲ ಅಂತ.

ಬನ್ನಿ, ಅಜ್ಜಿ ಎದುರು ನಿಂತು "ನಾನ್ಯಾರಿಗೂ ಬೇಡ" ಅಂತ ಹೇಳಿ ನೋಡೋಣ, ಧೈರ್ಯ ಇದೆಯಾ?