ಒಂಬತ್ತು ಸೊನ್ನೆಗಳು

ಕೇದಾರ ಘಾಟ್, ಕಾಶಿ
೨೦೨೪ ಡಿಸೆಂಬರ್ ೧೧, ಬುಧವಾರ

ಮುದ್ದಿನ ಗ್ರೀಷ್ಮಾ,

ದೊಡ್ಡಮ್ಮ ಪಕ್ಕದಲ್ಲಿ ಕೂತು ನಿನ್ನ ತಲೆ ಸವರುತ್ತಿದ್ದಾಳೆ ಅಂದುಕೊಂಡು ಇದನ್ನು ಓದು. ಒಂದೇ ಸಲಕ್ಕೆ ಓದಬೇಕಾಗಿಲ್ಲ. ಅದಕ್ಕೇ ಅಕ್ಷರ ದಪ್ಪವಾಗಿ ಬರೆದಿದ್ದೇನೆ, ನಡುನಡುವೆ ಜಾಗ ಬಿಟ್ಟಿದ್ದೇನೆ. ಸಾಕು ಅನ್ನಿಸಿದ ಕಡೆ ಮಡಚಿಟ್ಟು ಮಲಗು. ಕಾಗದ ಎಲ್ಲಿಗೂ ಹೋಗುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನಿಮ್ಮಮ್ಮ ಸ್ಪೀಕರ್ ಹಾಕುತ್ತಾಳೆ, ನೀನು ಬಾಯಿ ತೆರೆಯುವ ಮೊದಲೇ ನಿನ್ನ ಉತ್ತರವನ್ನೂ ತಾನೇ ಹೇಳುತ್ತಾಳೆ. ದಾಕ್ಷಾಯಣಿ ಚಿಕ್ಕಂದಿನಿಂದಲೂ ಹಾಗೆಯೇ. ಹೋದ ವಾರ ಅವಳು ಹೇಳಿದಳು, ಜನವರಿ ಮೂರಕ್ಕೆ ಟಿಕೆಟ್ ಆಗಿದೆ, ನಿನ್ನನ್ನು ಎರಡು ರಾತ್ರಿಯ ರೈಲಿನಲ್ಲಿ ಇಲ್ಲಿಗೆ ಕರೆತಂದು ದಣಿವು ಬಿಡಿಸುವ ಚೈತನ್ಯ ಶಿಬಿರಕ್ಕೆ ಸೇರಿಸುತ್ತೇನೆ ಅಂತ. ನೀನು ಒಲ್ಲೆ ಅಂದೆಯಂತೆ. ಮೈ ತಡೆಯುವಷ್ಟೇ ಮಾಡು, ಮೀರಬೇಡ ಅಂತ ನಿನ್ನ ಡಾಕ್ಟರು ಹೇಳಿದ್ದಾರೆ ಅಂದೆಯಂತೆ. ಅದಕ್ಕೆ ಅವಳು ಶಿಬಿರದ ಕರಪತ್ರವನ್ನು ನಿನ್ನ ಮುಖದ ಮುಂದೆ ಹಿಡಿದು, ನಿಮ್ಮ ದೊಡ್ಡಮ್ಮ ಸುಳ್ಳು ಹೇಳ್ತಾಳೇನೇ ಅಂತ ಕೇಳಿದಳಂತೆ. ಇದನ್ನು ನನಗೆ ನಗುತ್ತಾ ಹೇಳಿದಳು.

ನನಗೆ ನಗಲು ಆಗಲಿಲ್ಲ. ಕರಪತ್ರದಲ್ಲಿರುವ ಫೋಟೋ ನನ್ನದೇ. ಕೆಳಗೆ ಬರೆದದ್ದೂ ಸರಿಯೇ. ಒಂಬತ್ತು ಜನ ತರಬೇತಿ ಮುಗಿಸಿದರು, ಒಂಬತ್ತೂ ಜನ ತಮ್ಮ ದಣಿವಿಗೆ ಸೊನ್ನೆ ಅಂಕ ಕೊಟ್ಟರು. ಆ ಸೊನ್ನೆಗಳಲ್ಲಿ ಒಂದು ನನ್ನ ಕೈಯದು. ಅದು ಹೇಗೆ ಬಂತು ಅಂತ ನಿನಗೆ ಹೇಳಿಬಿಡುತ್ತೇನೆ.

ನಿನ್ನ ದೊಡ್ಡಪ್ಪ ಮಾಘದಲ್ಲಿ ಹೋದ ಮೇಲೆ ನನ್ನ ಕೈಕಾಲು ನನ್ನ ಮಾತು ಕೇಳುವುದನ್ನು ಬಿಟ್ಟವು. ಮೂವತ್ತೆಂಟು ವರ್ಷ ಅವರು ನಮ್ಮ ಕಡೆಯಿಂದ ಬಂದವರಿಗೆ ಘಾಟಿನಲ್ಲಿ ಕರ್ಮ ಮಾಡಿಸಿದರು, ನಾನು ಆ ಜನಕ್ಕೆ ಅಡಿಗೆ ಮಾಡಿ ಬಡಿಸಿದೆ. ದಿನಕ್ಕೆ ನಲವತ್ತು ಎಲೆ ಹಾಕಿದವಳಿಗೆ ಒಂದು ಎಲೆಯಷ್ಟು ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಅಕ್ಕಿ ತೊಳೆದರೆ ಕೂರಬೇಕು. ಕೂತರೆ ಯಾಕೆ ಎದ್ದೇಳಬೇಕು ಅಂತ ತಿಳಿಯುತ್ತಿರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಬರೆಯುವ ಚಾಳಿ ಉಂಟು. ಯಾತ್ರಿಕರ ಹೆಸರು, ಊರು, ಗೋತ್ರ, ತಿಥಿ ಎಲ್ಲವನ್ನೂ ದೊಡ್ಡಪ್ಪ ಹೇಳುತ್ತಿದ್ದರು, ನಾನು ಪುಸ್ತಕಕ್ಕೆ ಏರಿಸುತ್ತಿದ್ದೆ. ಈಗ ಹೇಳುವವರಿಲ್ಲ. ಹಾಗಾಗಿ ಗೋದೌಲಿಯಾ ಪೇಟೆಯಿಂದ ಒಂದು ನೋಟುಬುಕ್ಕು ತರಿಸಿ ನನ್ನದನ್ನೇ ಬರೆಯತೊಡಗಿದೆ. ಯಾವಾಗ ಎದ್ದೆ, ಏನು ತಿಂದೆ, ಸ್ನಾನ ಮಾಡಿ ಘಾಟಿನ ಮೆಟ್ಟಿಲು ಹತ್ತುವಾಗ ಎಷ್ಟು ಸಲ ಕೂತೆ. ನನ್ನ ಓರಗಿತ್ತಿ ಶ್ರೀರಮಾ ಪಕ್ಕದ ಗಲ್ಲಿಯಿಂದ ದಿನಾ ನನ್ನ ಜೊತೆ ಬರುತ್ತಾಳೆ. ಅವಳು ಚೈತ್ರದಲ್ಲಿ ಟೈಫಾಯ್ಡ್ ಆಗಿ ಎದ್ದವಳು. ಅವಳು ಎಷ್ಟು ಸಲ ಕೂತಳು ಅನ್ನುವುದನ್ನೂ ಬರೆದೆ. ಯಾಕೆ ಬರೆದೆನೋ ಗೊತ್ತಿಲ್ಲ, ಪುಟದಲ್ಲಿ ಜಾಗ ಇತ್ತು.

ಆಗಸ್ಟಿನಲ್ಲಿ ಬಂಗಾಲಿ ಟೋಲಾದ ಒಂದು ಲಾಡ್ಜಿನ ಮೂರನೇ ಮಹಡಿಯಲ್ಲಿ ಶಿಬಿರ ಶುರುವಾಯಿತು. ಮಠದ ಅಡಿಗೆಮನೆಯ ನೀಲಗಂಗಮ್ಮ ಬಂದು, ಏಳ್ರವ್ವಾ, ಮನಿಯಾಗ ಕುಂತು ಗ್ವಾಡಿ ನೋಡೂಕಿಂತ ಅಲ್ಲಿ ಕುಂತು ನೋಡೂಣು ಅಂತ ಎಬ್ಬಿಸಿಕೊಂಡು ಹೋದಳು. ಅವಳ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕಲಿಸುವವರು ಸಂಕರ್ಷಣ ಅಂತ, ನಲವತ್ತೈದರ ಆಸುಪಾಸು, ನಮ್ಮವರೇ. ಅವರೂ ಎರಡು ವರ್ಷ ಹಾಸಿಗೆ ಹಿಡಿದಿದ್ದು ಹೀಗೇ ಏನೋ ಮಾಡಿ ಎದ್ದವರಂತೆ. ಮೊದಲು ಗೋಡೆಗೆ ಮುಖ ಮಾಡಿ ಕೂತು, ದಣಿವು ಮೈಯಲ್ಲಿ ಎಲ್ಲೆಲ್ಲಿದೆ ಅಂತ ಹುಡುಕಬೇಕು. ಆಮೇಲೆ ಕಿಟಕಿಯ ಕಡೆ ತಿರುಗಿ, ಉಸಿರು ನಿಧಾನ ಮಾಡಿ, ಮೈ ಚೆನ್ನಾಗಿದ್ದ ಒಂದು ದಿನವನ್ನು ನೆನೆಯಬೇಕು. ಮನಸ್ಸು ದಣಿವನ್ನು ಕಾಯುತ್ತಾ ಕೂತರೆ ಮೈ ಅದನ್ನೇ ತಂದುಕೊಡುತ್ತದೆ, ಆ ಅಭ್ಯಾಸ ಬಿಡಿಸಬೇಕು ಅನ್ನುವುದು ಅವರ ವಾದ. ಸುಳ್ಳು ಅಂತ ಹೇಳುವಷ್ಟು ನನಗೆ ತಿಳಿಯದು. ನನಗೆ ಕಿಟಕಿ ಹಿಡಿಸಿತು. ನಲವತ್ತು ಎಲೆಯ ಒಂದು ದಿನವನ್ನು ನೆನೆಯುತ್ತಿದ್ದೆ, ನಿನ್ನ ದೊಡ್ಡಪ್ಪ ಹಜಾರದಿಂದ ಸಾರು ಸಾರು ಅಂತ ಕೂಗಿದ್ದನ್ನು.

ಎಡವಟ್ಟಾದದ್ದು ಮೊದಲನೆಯ ದಿನವೇ. ಕಾಶಿಗೆ ಬಂದವರು ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು ಹೋಗುವುದು ನಿನಗೆ ಗೊತ್ತಲ್ಲ. ನಿನ್ನಜ್ಜಿ ಹಲಸಿನ ಹಣ್ಣು ಬಿಟ್ಟವಳು, ಕೊನೆಯವರೆಗೂ ಅದರ ವಾಸನೆ ಬಂದರೆ ಎದ್ದು ಹೋಗುತ್ತಿದ್ದಳು. ಸಂಕರ್ಷಣ ಅವರಿಗೆ ಇದು ಒಳ್ಳೆಯ ಉಪಾಯ ಅಂತ ತೋರಿತು. ನಮ್ಮನ್ನೆಲ್ಲ ಘಾಟಿಗೆ ಕರೆದುಕೊಂಡು ಹೋಗಿ, ಬೊಗಸೆಯಲ್ಲಿ ನೀರು ಹಿಡಿಸಿ, ಇವತ್ತಿಗೆ ಸುಸ್ತನ್ನು ಬಿಟ್ಟೆ, ಇನ್ನು ಅದರ ಮಾತು ಆಡುವುದಿಲ್ಲ ಅಂತ ಹೇಳಿಸಿದರು. ಅವರು ಹುರುಪು ಬರಲಿ ಅಂತ ಹೇಳಿಸಿದ್ದು. ನಾವು ನೀರು ಬಿಟ್ಟೆವು. ನಮ್ಮಂಥವರು ನೀರು ಬಿಟ್ಟರೆ ಬಿಟ್ಟಂತೆಯೇ.

ಮೂರು ತಿಂಗಳಾದ ಮೇಲೆ ಅವರೇ ಒಂದು ಹಾಳೆ ಕೊಟ್ಟರು. ದಣಿವು ಎಷ್ಟಿದೆ, ಸೊನ್ನೆಯಿಂದ ಹತ್ತರವರೆಗೆ ಗುರುತು ಹಾಕಿ. ಪೆನ್ನು ಹಿಡಿದು ನಾನು ಯೋಚಿಸಿದ್ದು ದಣಿವಿನ ಬಗ್ಗೆ ಅಲ್ಲ, ಬಿಟ್ಟದ್ದನ್ನು ಮತ್ತೆ ನನ್ನದು ಅಂತ ಬರೆಯುವುದು ಹೇಗೆ ಅಂತ. ಸೊನ್ನೆ ಹಾಕಿದೆ. ಮರುವಾರ ಕರಪತ್ರ ಬಂತು. ದಾಕ್ಷಿ ಅದನ್ನು ಫೋನಿನಲ್ಲಿ ನೋಡಿ, ಅಕ್ಕಾ ನಿಜವಾಗಿಯೂ ಗುಣವಾಯ್ತಾ ಅಂದಳು. ಪೂರ್ತಿ ಗುಣ ಅಂದೆ.

ಇದು ಹೊರಗೆ ಬಿದ್ದದ್ದು ಸಾತ್ವಿಕಾ ಅನ್ನುವ ಹುಡುಗಿಯಿಂದ. ಹಾಸನದವಳು, ಇಲ್ಲಿ ಸಂಶೋಧನೆ ಮಾಡುತ್ತಾಳೆ. ಮನಸ್ಸು ಮತ್ತು ಮೈ ಎರಡನ್ನೂ ಪಳಗಿಸುವ ಇಂಥ ತರಬೇತಿಗಳಿಂದ ಬಹುದಿನದ ದಣಿವು ನಿಜಕ್ಕೂ ಕಡಿಮೆಯಾಗುತ್ತದೆಯೇ ಅಂತ ನೋಡುವುದು ಅವಳ ಕೆಲಸ. ನವೆಂಬರ್ ಕೊನೆಯಲ್ಲಿ ತನ್ನದೇ ಹಾಳೆ ತಂದು ನಮ್ಮನ್ನು ಮತ್ತೆ ಕೇಳಿದಳು. ಮತ್ತೆ ಒಂಬತ್ತು ಸೊನ್ನೆ. ಆದರೆ ನೀಲಗಂಗಮ್ಮ ಸೊನ್ನೆ ಹಾಕಿದ್ದು ಚಾಪೆಯ ಮೇಲೆ ಮಲಗಿಕೊಂಡು. ಮೂರು ಮಹಡಿ ಹತ್ತಿ ಬಂದು ಅವಳಿಗೆ ಕೂರಲೂ ಆಗಿರಲಿಲ್ಲ. ಅಜ್ಜಿ, ಮಲಗೇ ಇದ್ದೀರಲ್ಲ, ಇದು ಸೊನ್ನೆಯಾ ಅಂತ ಸಾತ್ವಿಕಾ ಕೇಳಿದಳು. ಮಲಗೀನಿ ನೋಡವ್ವಾ, ಅದು ಖರೇ, ಸುಸ್ತು ಅನ್ನೂದನ್ನ ಬಿಟ್ಟೀನಿ ಅಂದಳು ಇವಳು. ಬದನೀಕಾಯಿ ಬಿಟ್ಟು ಹನ್ನೊಂದು ವರ್ಷ ಆತು, ಎಣ್ಣಿಗಾಯಿ ನಾನೇ ಮಾಡ್ತೀನಿ, ಬಾಯಾಗ ಇಟ್ಟಿಲ್ಲ, ಇದೇನ್ ಮಹಾ ಅಂತ ಸೇರಿಸಿದಳು. ಎಲ್ಲರೂ ನಕ್ಕೆವು. ಆ ಹುಡುಗಿ ಮಾತ್ರ ನಗದೆ, ಬಿಟ್ಟೆ ಅಂದರೆ ಏನು, ಎಲ್ಲಿ ಬಿಟ್ಟಿರಿ, ಯಾರು ಬಿಡಿಸಿದರು ಅಂತ ಒಂದೊಂದಾಗಿ ಕೇಳಿ ಬರೆದುಕೊಂಡಳು.

ಸಂಕರ್ಷಣ ಅವರಿಗೆ ಅವಳೇ ಹೇಳಿದಳು. ಅವರು ಕೆಟ್ಟವರಲ್ಲ ಗ್ರೀಷ್ಮಾ, ಮುಖ ಬಿಳಿಚಿಕೊಂಡರು. ನಾನೂ ಹೀಗೇ ಬಿಟ್ಟೆ, ನನಗೆ ಹೋಯಿತಲ್ಲ ಅಂದರು. ನಿಮಗೆ ಹೋಗಿರಬಹುದು ಸಾರ್, ಇವರಿಗೆ ಹೋಯಿತೋ ಇಲ್ಲವೋ ಹೇಳಬೇಕಾದ ಬಾಯನ್ನೇ ಮೊದಲ ದಿನ ಕಟ್ಟಿಬಿಟ್ಟಿರಲ್ಲ ಅಂದಳು ಹುಡುಗಿ. ಹೊರಗೆ ಬೇರೆ ಕಡೆಯೂ ಇಂಥ ತರಬೇತಿಗಳ ಬಗ್ಗೆ ಅಧ್ಯಯನಗಳು ಆಗಿವೆಯಂತೆ. ಕೆಲವರಿಗೆ ಗುಣ ಕಂಡಿದೆ ಅಂತ ಬರೆದವರಿದ್ದಾರಂತೆ, ಬರೀ ಬಾಯಿಮಾತು ಕೇಳಿ ಬರೆದರೆ ಹೇಗೆ ನಂಬುವುದು ಅಂತ ಜಗಳ ತೆಗೆದವರೂ ಇದ್ದಾರಂತೆ. ಇನ್ನೂ ಮುಗಿಯದ ಜಗಳ ಅಂದಳು.

ನನಗೆ ಕುತೂಹಲ ಹತ್ತಿತು. ಅವಳನ್ನು ಮನೆಗೆ ಕರೆದು, ಅವಲಕ್ಕಿ ಕೊಟ್ಟು, ನೋಟುಬುಕ್ಕು ಮುಂದಿಟ್ಟೆ. ವೈಶಾಖದಲ್ಲಿ ಗಂಗೆ ಕೆಳಗಿದ್ದಾಗ ಎಪ್ಪತ್ತಾರು ಮೆಟ್ಟಿಲು, ನಾನು ಆರು ಸಲ ಕೂತಿದ್ದೆ. ಶಿಬಿರ ಶುರುವಾದಾಗ ನದಿ ತುಂಬಿ ಮೆಟ್ಟಿಲು ಉಳಿದದ್ದೇ ಮೂವತ್ತೊಂದು, ಆಗ ಎರಡು ಸಲ. ಈಗ ನೀರು ಇಳಿದು ಎಪ್ಪತ್ತನಾಲ್ಕು, ನಾಲ್ಕು ಸಲ. ಬರೀ ಕೂತದ್ದನ್ನು ನೋಡಿದರೆ ಶಿಬಿರದಿಂದ ಕೆಟ್ಟಿದ್ದೇನೆ. ವೈಶಾಖದ ಜೊತೆ ಹೋಲಿಸಿದರೆ ಸುಧಾರಿಸಿದ್ದೇನೆ. ಆದರೆ ವೈಶಾಖದ ಬಿಸಿಲಿಗೂ ಈಗಿನ ಚಳಿಗೂ ಎಲ್ಲಿಯ ಹೋಲಿಕೆ? ಸಾತ್ವಿಕಾ ಅವಲಕ್ಕಿ ಮರೆತು ಪುಟ ತಿರುವಿದಳು. ಆಮೇಲೆ ಅವಳ ಬೆರಳು ಶ್ರೀರಮಾಳ ಸಾಲಿನ ಮೇಲೆ ನಿಂತಿತು. ವೈಶಾಖದಲ್ಲಿ ಮೂರು ಸಲ, ಈಗ ಒಂದು ಸಲ. ಶಿಬಿರದ ಬಾಗಿಲನ್ನೇ ನೋಡದ ಅವಳಿಗೂ ಎರಡು ಕಡಿಮೆ. ಅಲ್ಲೇ ಕೂತಿದ್ದ ಶ್ರೀರಮಾ, ಗೋಡೆ ನೋಡಿದ್ದು ಅಕ್ಕ, ಗುಣವಾದದ್ದು ನನಗೆ, ಅದಕ್ಕೇ ನಾನು ಇವರ ಸಂಗ ಬಿಡೋದಿಲ್ಲ ಅಂದಳು. ಇದಕ್ಕೇ ನಮ್ಮಲ್ಲಿ ತರಬೇತಿ ಪಡೆಯದ ಇನ್ನೊಂದು ಗುಂಪು ಬೇಕು ಅನ್ನುವುದು, ಅಜ್ಜಿ ತಿಳಿಯದೆಯೇ ಅದನ್ನು ಮಾಡಿದ್ದಾರೆ ಅಂತ ಸಾತ್ವಿಕಾ ಹೇಳಿದಳು. ಹೆಮ್ಮೆಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಕೇಳಿದಳು. ನಿಮಗೆ ಇದು ಯಾವಾಗ ಶುರುವಾಯಿತು? ಅವರು ಹೋದ ಮೇಲೆ ಅಂದೆ. ಅವಳು ಬರೆಯುವುದನ್ನು ನಿಲ್ಲಿಸಿದಳು. ಹಾಗಾದರೆ ನಿಮ್ಮದು ಬೇರೆಯೇ ಇರಬಹುದು ಅಜ್ಜಿ ಅಂದಳು. ನಿನಗೆ ಬಂದದ್ದು ಜ್ವರದ ಬೆನ್ನಲ್ಲೇ, ಇಪ್ಪತ್ತಮೂರನೇ ವಯಸ್ಸಿಗೆ. ನನಗೆ ಬಂದದ್ದು ಒಬ್ಬ ಮನುಷ್ಯ ಇಲ್ಲವಾದದ್ದಕ್ಕೆ. ಎರಡಕ್ಕೂ ದಣಿವು ಅಂತಲೇ ಹೆಸರು. ನನ್ನದು ಹೋಯಿತು ಅಂತ ನಿನ್ನದೂ ಹೋಗುತ್ತದೆ ಅನ್ನುವುದು ಹೇಗೆ? ನನ್ನದು ಹೋಗಿಯೂ ಇಲ್ಲ. ಈಗಲೂ ಸುಸ್ತಾಗುತ್ತದೆ ಗ್ರೀಷ್ಮಾ, ದಿನಾ ಆಗುತ್ತದೆ. ಬರೆದೆ. ಗಂಗೆಗೆ ಕೊಟ್ಟ ಮಾತು ಮೀರಿದ ದೋಷ ಏನಿದ್ದರೂ ನನಗಿರಲಿ.

ಈಗ ಹೇಳುವುದನ್ನು ಸಾವಕಾಶವಾಗಿ ಓದು. ಕರಪತ್ರದಲ್ಲಿ ಒಂಬತ್ತು ಜನ ಮುಗಿಸಿದರು ಅಂತ ಇದೆ. ಶುರು ಮಾಡಿದ್ದು ಹನ್ನೆರಡು ಜನ. ಮೂವರು ನಡುವೆ ಬಿಟ್ಟರು, ಅವರನ್ನು ಯಾರೂ ಎಣಿಸಲಿಲ್ಲ, ನಾನೂ ಮರೆತಿದ್ದೆ. ಹನ್ನೆರಡು ಹೆಸರು ನನ್ನ ನೋಟುಬುಕ್ಕಿನಲ್ಲಿತ್ತು. ಅದರಲ್ಲಿ ಒಬ್ಬಳು ಭವಾನಿ, ನಿನ್ನದೇ ವಯಸ್ಸು. ಮೊನ್ನೆ ಶನಿವಾರ ಟೋಟೋ ಅನ್ನುವ ಬ್ಯಾಟರಿ ರಿಕ್ಷಾ ಹತ್ತಿ ಸಾರನಾಥದ ಕಡೆ ಅವಳ ಮನೆ ಹುಡುಕಿಕೊಂಡು ಹೋದೆ. ಅವಳಿಗೂ ಜ್ವರದಿಂದಲೇ ಶುರು. ಎರಡನೆಯ ವಾರ, ಮೈ ಬೇಡ ಅಂದರೂ ಕೇಳಬೇಡಿ ಅಂತ ನಮ್ಮನ್ನು ಘಾಟಿನ ಮೇಲಿನ ಗಲ್ಲಿಯ ಉದ್ದಕ್ಕೂ ನಡೆಸಿದ್ದರು. ಭವಾನಿ ಎಲ್ಲರಿಗಿಂತ ಮುಂದೆ ನಡೆದಿದ್ದಳು, ಚಪ್ಪಾಳೆ ತಟ್ಟಿದ್ದೆವು. ಮರುದಿನ ಬರಲಿಲ್ಲ. ಅವಳ ತಾಯಿ ಹೇಳಿದರು, ಹನ್ನೊಂದು ದಿನ ಹಾಸಿಗೆಯಲ್ಲೇ ಇದ್ದಳಂತೆ, ತಲೆ ಬಾಚಿಕೊಳ್ಳಲೂ ಕೈ ಎತ್ತಲಾಗಲಿಲ್ಲವಂತೆ. ಮೊದಲು ಇದ್ದಷ್ಟಕ್ಕೆ ಇನ್ನೂ ಬಂದಿಲ್ಲವಂತೆ. ಭವಾನಿ ನನ್ನ ಹತ್ತಿರ ಹಿಂದಿಯಲ್ಲಿ ಕೇಳಿದ್ದು ಒಂದೇ, ದಾದೀ, ಎಲ್ಲರಿಗೂ ವಾಸಿಯಾಯಿತಂತೆ, ನಾನು ಬಿಟ್ಟದ್ದು ತಪ್ಪಾಯಿತಾ? ನನ್ನ ಫೋಟೋ ಇದ್ದ ಕರಪತ್ರ ಅವಳ ತಲೆದಿಂಬಿನ ಪಕ್ಕದಲ್ಲಿತ್ತು.

ನಿನ್ನದಲ್ಲ ತಪ್ಪು ಅಂತ ಅವಳಿಗೆ ಹೇಳಿದೆ. ಒಬ್ಬಳ ಕಥೆಯಿಂದ ಏನೂ ತೀರ್ಮಾನವಾಗುವುದಿಲ್ಲ ಅಂತ ಸಾತ್ವಿಕಾ ಎಚ್ಚರಿಸಿದ್ದಾಳೆ, ಅದನ್ನೂ ನಿನಗೆ ಹೇಳಬೇಕು. ಆದರೆ ನಿನ್ನಂಥವಳಿಗೆ ಈ ಶಿಬಿರ ಆಗುತ್ತದೆ ಅನ್ನಲು ನನ್ನ ಸೊನ್ನೆ ಪುರಾವೆ ಅಲ್ಲ. ನಿನ್ನ ಡಾಕ್ಟರು ಹೇಳಿದ್ದನ್ನು ಬಿಡಲು ಅದು ಕಾರಣವೂ ಅಲ್ಲ. ದೊಡ್ಡವರ ನಡುವೆ ಬಾಯಿ ಹಾಕುವವಳಲ್ಲ ನೀನು, ಅದಕ್ಕೇ ನಾನೇ ಹೇಳುತ್ತೇನೆ. ಟಿಕೆಟ್ ರದ್ದು ಮಾಡಿಸಿ. ಈ ಕಾಗದವನ್ನು ನಿಮ್ಮಮ್ಮನ ಕೈಗೆ ಕೊಡು. ಅವಳು ಕೇಳಿದ ಪ್ರಶ್ನೆಗೆ ಉತ್ತರ, ಹೌದು, ದೊಡ್ಡಮ್ಮ ಸುಳ್ಳು ಹೇಳಿದ್ದಳು.

ಸಂಕರ್ಷಣ ಅವರು ಕರಪತ್ರ ಹಂಚುವುದನ್ನು ನಿಲ್ಲಿಸಿದ್ದಾರೆ. ನೀಲಗಂಗಮ್ಮನಿಗೆ ಮಾತ್ರ ಸೊನ್ನೆ ತಿದ್ದಲು ಮನಸ್ಸಿಲ್ಲ. ಗೋಡೆ ನೋಡುವುದನ್ನು ನಾನು ಬಿಟ್ಟಿದ್ದೇನೆ, ಕಿಟಕಿಯನ್ನು ಬಿಟ್ಟಿಲ್ಲ. ನಿನಗೆ ಆದಾಗ, ಆದಷ್ಟು, ಒಂದೇ ಸಾಲಾದರೂ ಬರೆ. ಎಷ್ಟು ಆಗುತ್ತದೋ ಅಷ್ಟನ್ನೇ ಬರೆ.

ನಿನ್ನ ಹಣೆಗೊಂದು ಮುತ್ತಿಟ್ಟು ನಿಲ್ಲಿಸುವ
ದೊಡ್ಡಮ್ಮ, ಅಂಬುಜಾಕ್ಷಿ

ಮರೆತದ್ದು: ಇಂಥ ಅಧ್ಯಯನ ಬರೆಯುವವರು ಕೊನೆಯಲ್ಲಿ, ಇದರಿಂದ ತಮಗೇನು ಲಾಭ ಅನ್ನುವುದನ್ನೂ ಒಪ್ಪಿ ಬರೆಯಬೇಕಂತೆ. ನಿನ್ನೆ ಸಾತ್ವಿಕಾ ಹೇಳಿದಳು. ಹಾಗಾಗಿ ನನ್ನದನ್ನೂ ಬರೆಯುತ್ತೇನೆ. ಪೂರ್ತಿ ಗುಣ ಅಂತ ನಾನು ದಾಕ್ಷಿಗೆ ಹೇಳಿದ್ದು ಬರೀ ಗಂಗೆಯ ಭಯಕ್ಕಲ್ಲ. ಹಾಗೆ ಹೇಳುವಾಗ ನಾನು ನಮ್ಮ ಮಹಡಿಯ ಕೋಣೆಯಲ್ಲಿ ನಿಂತಿದ್ದೆ. ಅದಕ್ಕೂ ಹದಿನೈದು ದಿನ ಮೊದಲೇ ಅಲ್ಲಿ ಎರಡು ಮಂಚ ಹಾಕಿಸಿ, ಬೆಳಕು ನಿನಗೆ ಚುಚ್ಚದಿರಲಿ ಅಂತ ಕಿಟಕಿಗೆ ದಪ್ಪ ಪರದೆ ಹೊಲಿದಿದ್ದೆ. ಶಿಬಿರಕ್ಕೆ ಬಂದರೆ ಮೂರು ತಿಂಗಳು ನೀವಿಬ್ಬರೂ ಇಲ್ಲೇ ಇರುತ್ತೀರಿ ಅನ್ನುವ ಆಸೆಯಿಂದ.