ಇನ್ನೆರಡು ವರ್ಷ ಇಲ್ಲೇ

ಅಮ್ಮಾ,

ಪಕ್ಕದ ಊರಿನಲ್ಲಿ ಪಂದ್ಯ, ತಂಡದ ಬಸ್ಸು ಬಂದಿದೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಇವತ್ತು ನಿನ್ನನ್ನು ವಿಮಾನ ನಿಲ್ದಾಣಕ್ಕೆ ಕೆಳಮನೆಯ ಅಜ್ಜಿ ಬಿಡುತ್ತಾರೆ. ಅವರ ಮಾತು ತಿಳಿಯದಿದ್ದರೆ ನಕ್ಕುಬಿಡು, ನಾನೂ ಅಷ್ಟೇ ಮಾಡುವುದು.

ನನ್ನ ಮೊಣಕಾಲಿನ ಪಟ್ಟಿಯನ್ನು ಮತ್ತೆ ಬಿಸಿನೀರಿಗೆ ಹಾಕಬೇಡ ದಮ್ಮಯ್ಯ, ಸಡಿಲವಾಗುತ್ತದೆ.

"ಈ ಒದೆಸಿಕೊಳ್ಳೋ ಕೆಲಸ ಸಾಕು, ಮನೆಗೆ ಯಾವಾಗ ಬರ್ತೀಯೇ?" ಎಂದು ನೀನು ನಿನ್ನೆ ಕೇಳಿದಾಗ ನಿದ್ದೆ ಬಂದವಳಂತೆ ಮಲಗಿಬಿಟ್ಟೆ. ಈ ಕ್ಲಬ್ಬಿಗೆ ಇನ್ನೆರಡು ವರ್ಷ ಆಡುತ್ತೇನೆಂದು ಸಹಿ ಹಾಕಿಯಾಗಿದೆ. ಮೈದಾನದಲ್ಲಿ ಎಂಥವರು ನುಗ್ಗಿದರೂ ಅಡ್ಡ ನಿಲ್ಲುವವಳಿಗೆ ನಿನ್ನೆದುರು ಹೇಳಲು ಬಾಯಿ ಬರಲಿಲ್ಲ.

ಊರು ಮುಟ್ಟಿದ ಮೇಲೆ ಫೋನ್ ಮಾಡಿ ಬಾಯ್ತುಂಬ ಬೈ. ಇಲ್ಲಿ ನಮ್ಮ ಭಾಷೆಯಲ್ಲಿ ನನ್ನನ್ನು ಗದರಿಸುವವಳು ಇನ್ನು ನಮ್ಮ ಗೋಲ್‌ಕೀಪರ್ ಒಬ್ಬಳೇ. ಅವಳಿಗೆ ಬರುವುದೂ ನಾನೇ ಕಲಿಸಿದ "ಹಿಂದೆ ನೋಡ್ಕೊಳ್ಳೇ" ಒಂದೇ.