ಎಣ್ಣೆ ಕಲೆ ಆರಿಸಿದ ಬಣ್ಣ

ಕಾಚಿಗುಡ, ಹೈದರಾಬಾದ್
೨೪ ಸೆಪ್ಟೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅಪ್ಪಾಜಿಯವರ ಪಾದಗಳಿಗೆ (ಸೈಟಿನ ಬೂಟು ಹಾಕಿಕೊಂಡಿದ್ದರೂ ಅಡ್ಡಿಯಿಲ್ಲ) ಕಿರಿಯ ಮಗಳು ಐಶ್ವರ್ಯಾ ಮಾಡುವ ನಮಸ್ಕಾರಗಳು.

ನಿಮ್ಮ ಸೊಂಟದ ನೋವು ಹೇಗಿದೆ? ಆದಿಲಾಬಾದಿನ ಮೆಸ್ಸಿನವನು ಈಗಲಾದರೂ ರೊಟ್ಟಿ ಬೇಯಿಸಿ ಕೊಡುತ್ತಿದ್ದಾನೆಯೇ? ಕಲಬುರಗಿಯಲ್ಲಿ ಶೀತಲಕ್ಕ, ಕೂಸು ಇಬ್ಬರೂ ಆರಾಮ. ಬಾಣಂತನ ಮುಗಿಯುವತನಕ ಅಮ್ಮ ಅಲ್ಲೇ ಇರುತ್ತಾಳೆ. ಇಲ್ಲಿ ನಾನು ಮತ್ತು ನಿಮ್ಮವ್ವ, ಅಂದರೆ ನನ್ನ ಆಯಿ, ಇಬ್ಬರೇ. ಫೋನಿರುವಾಗ ಪತ್ರವೇಕೆ ಎಂದು ನೀವು ಹುಬ್ಬು ಗಂಟಿಕ್ಕುತ್ತೀರಿ, ಗೊತ್ತು. ಗೀಜರಿನಲ್ಲಿ ಹಾವು ಹೊಕ್ಕಿದೆ ಎಂದು ಸುಳ್ಳು ಫೋನು ಮಾಡಿ ನಿಮ್ಮನ್ನು ಅರ್ಧ ದಾರಿಯವರೆಗೆ ಕರೆಸಿದ ದಿನದಿಂದ ಫೋನಿನಲ್ಲಿ ನನ್ನ ಮಾತಿಗೆ ಬೆಲೆ ಹೋಗಿದೆ. ಭಾನುವಾರವೂ ಹೇಳಲು ಹೋದೆ. ‘ಮತ್ತೇನ್ ಆಟ ಹೂಡೀದಿ ಐಶು’ ಎಂದು ನೀವು ಫೋನಿಟ್ಟಿರಿ. ಆದ್ದರಿಂದ ಕಾಗದದ ಮೇಲೆ, ಸಹಿ ಸಮೇತ, ತಪ್ಪೊಪ್ಪಿಗೆ ಸಲ್ಲಿಸುತ್ತಿದ್ದೇನೆ.

ವಿಷಯ: ನಮ್ಮ ಮನೆಯ ಹಾಲ್‌ನ ಗೋಡೆಯ ಬಣ್ಣ. ಮುತ್ಯಾ ಹೋದ ಮೇಲೆ ವರ್ಷ ತುಂಬುವವರೆಗೆ ಮನೆಗೆ ಬಣ್ಣ ಬಳಿಯಬಾರದೆಂದು ಆಯಿ ಹಟ ಹಿಡಿದಿದ್ದಳು. ಹೋದ ತಿಂಗಳು ಪುಣ್ಯತಿಥಿ ಮುಗಿಯಿತು. ನೀವು ಬಂದಿರಿ, ಅಂಗಳದಲ್ಲಿ ನಿಂತೇ ಚಹಾ ಕುಡಿದಿರಿ, ಹಾಲಿನೊಳಗೆ ಕಾಲಿಡಲಿಲ್ಲ. ಪಲಂಗದ ಹಿಂದಿನ ಗೋಡೆಯನ್ನು ಬಾಗಿಲಿನಿಂದಲೇ ನೋಡಿ, ‘ಮೊದಲ ಆ ಎಣ್ಣಿ ಕಲಿ ಹೋಗ್ಲಿ, ಬಣ್ಣ ಆದ ಮ್ಯಾಲೆ ಬರ್ತೀನಿ’ ಎಂದು ಹೇಳಿ ಹೊರಟಿರಿ. ಅದು ನಿಮ್ಮ ತಂದೆ, ನನ್ನ ಮುತ್ಯಾ, ಮೂವತ್ತು ವರ್ಷ ಊಟ ಮುಗಿಸಿ ತಲೆ ಆನಿಸಿ ಕೂತ ಜಾಗ. ಆ ತಲೆಗೆ ದಿನವೂ ಬೇಗಂ ಬಜಾರಿನ ಬಾದಾಮಿ ಎಣ್ಣೆ. ಗೋಡೆಯ ಮೇಲೆ ತಟ್ಟೆಯಗಲದ ಕಪ್ಪು ಗುಂಡು ಕಲೆ. ಅವರು ಹೋದ ಮೇಲೂ ಆ ಗುಂಡು ಅಲ್ಲೇ ಕೂತಿತ್ತು.

ಅಮ್ಮ ಗೊತ್ತುಮಾಡಿ ಹೋಗಿದ್ದ ಬಸು ಬಂದ. ಯಾದಗಿರಿ ಕಡೆಯವನು, ಹದಿನೈದು ವರ್ಷದಿಂದ ಈ ಊರಲ್ಲಿ ಬಣ್ಣದ ಕೆಲಸ. ಅವನು ಶೇಡ್ ಕಾರ್ಡ್ ಬಿಚ್ಚಿದ ಕೂಡಲೆ ಆಯಿ ಅದರಲ್ಲಿದ್ದ ಎಲ್ಲಾ ಬಣ್ಣಗಳಿಗೂ ಮರುನಾಮಕರಣ ಮಾಡಿದಳು. ‘ಇದು ಜ್ವಾಳದ ಹಿಟ್ಟು. ಇದು ಹಳಸಿದ ಮಜ್ಜಿಗಿ. ಇದನ್ನ ಹಚ್ಚಿದ್ರ ಮನಿಗೆ ಕಾಮಣಿ ಬ್ಯಾನಿ ಆದಂಗ ಕಾಣ್ತೈತಿ, ಮುಂದಿಂದು ತಗಿ.’ ಕೊನೆಗೆ ಮೂರು ಉಳಿದವು. ಫೋನಿಗೆ ಫೋಟೊ ಕಳಿಸಿದಾಗ ನಿಮ್ಮ ಆಯ್ಕೆ ಬೆಣ್ಣೆ, ಅಮ್ಮನ ಆಯ್ಕೆ ತೊಗರಿಬೇಳೆ, ನನ್ನ ಆಯ್ಕೆ ನವಿಲು ನೀಲಿ. ಬಸು ಕಲೆಯನ್ನು ಉಜ್ಜಿ, ಬಿಳಿ ಪ್ರೈಮರ್ ಎಳೆದು, ಅದರ ಮೇಲೆ ಬಾಗಿಲಿನಗಲದ ಮೂರು ಪಟ್ಟಿ ಬಳಿದ. ಎಡಕ್ಕೆ ಬೆಣ್ಣೆ, ನಡುವೆ ತೊಗರಿಬೇಳೆ, ಬಲಕ್ಕೆ ನೀಲಿ. ಎರಡು ದಿನ ಬೆಳಕಿನಲ್ಲಿ ನೋಡಿ ಒಂದನ್ನು ಆರಿಸಿರಿ ಎಂದ.

ಮೂರನೆಯ ದಿನ ಬೆಳಿಗ್ಗೆ ನಡುವಿನ ತೊಗರಿಬೇಳೆಯ ಒಳಗಿನಿಂದ ಮುತ್ಯಾನ ಗುಂಡು ಮೆಲ್ಲಗೆ ಮೇಲೆದ್ದಿತ್ತು. ಹಳೆಯ ಎಣ್ಣೆ, ಒಂದು ಕೋಟು ಬಣ್ಣಕ್ಕೆ ಜಗ್ಗುವುದಿಲ್ಲ ಎಂದು ಬಸು ಹೇಳಿದ. ಆಯಿ ಅವನ ಮಾತು ಕೇಳಲೇ ಇಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ‘ಬಂದ್ರೇನ್ರಿ? ಬ್ಯಾಳಿ ಬಣ್ಣನ ಬೇಕೇನು?’ ಎಂದು ಗೋಡೆಯನ್ನು ಕೇಳಿದಳು. ವರ್ಷದ ಮೇಲೆ ಮೊದಲ ಸಲ ಆಕೆಯ ದನಿಯಲ್ಲಿ ನಗೆ ಇತ್ತು. ಬಸು ಮತ್ತೆರಡು ಕೋಟು ಎಳೆದು ಅದನ್ನು ಮುಚ್ಚಿದ. ಆ ಮಧ್ಯಾಹ್ನ ಆಯಿ ಊಟಕ್ಕೆ ಏಳಲಿಲ್ಲ.

ಇಲ್ಲಿಂದ ಮುಂದೆ ಅಪರಾಧಿ ನಾನು. ಆಯಿಯನ್ನು ನಗಿಸಬೇಕೆಂಬ ಘನ ಉದ್ದೇಶ ಅರ್ಧ, ಹಾಲಿಗೆ ನೀಲಿ ಬರಬೇಕೆಂಬ ಸ್ವಾರ್ಥ ಅರ್ಧ. ಮರುದಿನ ಆಕೆ ಸ್ನಾನಕ್ಕೆ ಹೋದಾಗ ಮುತ್ಯಾನ ಎಣ್ಣೆ ಬಾಟಲಿ ತೆಗೆದು, ಅಂಗೈ ಒದ್ದೆ ಮಾಡಿಕೊಂಡು, ನೀಲಿ ಪಟ್ಟಿಯ ಮೇಲೆ ಅವರ ತಲೆಯ ಎತ್ತರಕ್ಕೆ ಸರಿಯಾಗಿ ಒಂದು ಗುಂಡು ಒತ್ತಿದೆ. ಆಯಿ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವಳು ನಿಂತೇಬಿಟ್ಟಳು. ‘ಜನ್ಮದಾಗ ಒಂದು ನೀಲಿ ಅಂಗಿ ಹಾಕ್ಲಿಲ್ಲ ಮಾರಾಯ. ಸತ್ತ ಮ್ಯಾಲೆ ಶೋಕಿ ಹತ್ತೇತಿ ನೋಡವಾ ಇವರಿಗೆ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಬಸು ಮಾತ್ರ ನಗಲಿಲ್ಲ. ‘ಅಕ್ಕೋರ, ನಡುವ ಮುಚ್ಚಿದ್ದು ಬಲಕ್ಕ ಎದ್ದೈತಿ. ಈ ಗ್ವಾಡಿಗಿ ನಾ ಬ್ರಶ್ ಹಚ್ಚಂಗಿಲ್ರೀ’ ಎಂದು ಡಬ್ಬಿ ಬಿಟ್ಟು ಹೋದವನು ಇನ್ನೂ ಬಂದಿಲ್ಲ.

ನಮ್ಮೂರ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ನಿಮಗೆ ಗೊತ್ತೇ ಇದೆ. ದೇವರ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಆಯಿ ಅದನ್ನು ಗೋಡೆಗೆ ತಂದಳು. ನೀಲಿಯಲ್ಲಿ ಎದ್ದರೆ ಹೌದು, ಬೆಣ್ಣೆಯಲ್ಲಿ ಎದ್ದರೆ ಇಲ್ಲ. ಸಂಜೆ ಪಲಂಗದ ಮೇಲೆ ಕೂತು ಕೇಳುವುದು, ಬೆಳಿಗ್ಗೆ ಸ್ನಾನ ಮುಗಿಸಿ ಉತ್ತರ ನೋಡುವುದು, ಮಧ್ಯಾಹ್ನ ಕಡಲೆಹಿಟ್ಟು ಹಾಕಿ ಉಜ್ಜಿ ಮುಂದಿನ ಪ್ರಶ್ನೆಗೆ ಗೋಡೆ ತಯಾರು ಮಾಡುವುದು. ಶೀತಲಕ್ಕನ ಕೂಸಿಗೆ ಸಾವಿತ್ರಿ ಎಂದು ತನ್ನ ಹೆಸರೇ ಇಡಬೇಕೋ? ಪಕ್ಕದ ಮನೆಯ ಹಂಪಮ್ಮನ ಜೊತೆ ಮಾತು ಬಿಡಬೇಕೋ? ಒಂದು ವಾರ ನಾನು ಸ್ವರ್ಗಸ್ಥ ಸೂಗಪ್ಪನವರ ಅಧಿಕೃತ ಪ್ರತಿನಿಧಿಯಾಗಿ ಗಂಭೀರವಾಗಿ ಕೆಲಸ ಮಾಡಿದೆ. (ಹಂಪಮ್ಮನ ಸಂಡಿಗೆ ಚೆನ್ನಾಗಿರುತ್ತದೆ, ಹಾಗಾಗಿ ಮಾತು ಬಿಡಬಾರದೆಂದು ತೀರ್ಪು ಕೊಟ್ಟೆ.)

ಆದರೆ ಅಪ್ಪಾಜಿ, ಆ ಕೆಲಸ ಹಗುರವಾಗಿರಲಿಲ್ಲ. ಎಣ್ಣೆಯ ಮುಚ್ಚಳ ತೆಗೆದ ಕೂಡಲೆ ಅವರು ಹಿಂದೆ ಬಂದು ನಿಂತ ಹಾಗೆ ವಾಸನೆ ಬರುತ್ತಿತ್ತು. ಒಂದು ದಿನ ಕೈ ಜಾರಿ ನಡುವಿನ ಪಟ್ಟಿಗೆ ತಾಗಿತು. ಅಲ್ಲಿ ಗೋಡೆ ಸ್ವಲ್ಪ ಒಳಗೆ ತಗ್ಗಿದೆ, ತಲೆ ತಾಗಿ ತಾಗಿ ಸವೆದದ್ದು. ನನ್ನ ಅಂಗೈ ಅದರಲ್ಲಿ ಸರಿಯಾಗಿ ಕೂತಿತು. ಸುತ್ತಲ ಗೋಡೆ ತಣ್ಣಗಿತ್ತು, ಆ ತಗ್ಗು ಬೆಚ್ಚಗಿತ್ತು. ಹಿಂದೆ ಪಲಂಗ ಕಿರ್ ಎಂದಿತು. ತಿರುಗಿ ನೋಡುವ ಧೈರ್ಯವಾಗದೆ ಗೋಡೆಯ ಕಡೆಗೇ ಮುಖ ಮಾಡಿ, ‘ಮುತ್ಯಾ, ತಪ್ಪಾತು’ ಎಂದೆ. ಸ್ನಾನದ ಮನೆಯಲ್ಲಿ ಆಯಿ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಲೇ ಇತ್ತು.

ಅಂದೇ ಬಿಟ್ಟುಬಿಡಬೇಕಿತ್ತು. ಬಿಡಲು ಆಗಲಿಲ್ಲ, ಏಕೆಂದರೆ ಭಾನುವಾರ ಸಂಜೆ ನಾನು ಪರದೆಯ ಹಿಂದೆ ನಿಂತಿದ್ದಾಗ ಆಯಿ ಹೊಸ ಪ್ರಶ್ನೆ ಕೇಳಿದಳು. ‘ಭಾಳ ದಿನ ಆತ್ರಿ ನೀವು ಹೋಗಿ. ನಾ ಇನ್ನ ಬರ್ಲೇನು? ಬಲಕ್ಕ ಎದ್ರ ಹೊಂಟು ಬರ್ತೀನಿ.’ ನಿಮಗೆ ಫೋನು ಮಾಡಿದ್ದು ಆಗಲೇ. ಸೋಮವಾರ ಬೆಳಿಗ್ಗೆ ಎಡಗಡೆಯ ಬೆಣ್ಣೆಯ ಮೇಲೆ, ಎಣ್ಣೆ ಇಳಿದು ಸುರಿಯುವಷ್ಟು ಒತ್ತಿದೆ. ಎರಡೂ ಕೈಯಿಂದ. ಇಲ್ಲ, ಇಲ್ಲ, ಇಲ್ಲ. ಆಯಿ ಬಂದು ಬಹಳ ಹೊತ್ತು ನೋಡಿದಳು. ‘ಸರಿ ಬಿಡ್ರಿ’ ಎಂದು ಹೇಳಿ, ಆ ದಿನ ಒಂದು ರೊಟ್ಟಿ ಹೆಚ್ಚಿಗೆ ತಿಂದಳು. ನಾನು ಗೆದ್ದೆನೆಂದು ತಿಳಿದು, ಅದಾದ ಮೇಲೆ ಎಣ್ಣೆ ಬಾಟಲಿ ಮುಟ್ಟುವುದನ್ನು ನಿಲ್ಲಿಸಿದ್ದೇನೆ.

ಹೀಗೆ ನನ್ನ ಸಮಸ್ತ ಅಪರಾಧಗಳನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಶಿಕ್ಷೆ ಎಷ್ಟಾದರೂ ಕೊಡಿ, ಹಾಲಿಗೆ ನೀಲಿ ಮಾತ್ರ ಬೇಡ. ಆ ಬಣ್ಣದ ಆಸೆ ನನಗೆ ಪೂರ್ತಿ ಬಿಟ್ಟಿದೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಮೆಸ್ಸಿನವನಿಗೆ ನನ್ನ ಎಚ್ಚರಿಕೆ ತಿಳಿಸಿ.

ನಿಮ್ಮ ಚೇಷ್ಟೆಯ, ಆದರೆ ಈ ಸಲ ಸುಳ್ಳು ಹೇಳದ
ಐಶು

ತಾ.ಕ. ಬುಧವಾರ ಬೆಳಿಗ್ಗೆ. ನಿಮ್ಮ ಆಫೀಸಿನ ಚೇತನಕುಮಾರ ಅಂಕಲ್ ಆದಿಲಾಬಾದಿಗೆ ಹೊರಟವರು ಅಂಗಳದಲ್ಲಿ ನಿಂತಿದ್ದಾರೆ, ಈ ಪತ್ರ ಅವರ ಕೈಗೆ ಕೊಡಬೇಕು, ಬೇಗ ಬರೆಯುತ್ತೇನೆ. ಇವತ್ತು ನೀಲಿಯ ಮೇಲೆ ಕಲೆ ಎದ್ದಿದೆ. ನಾನು ಹಚ್ಚಿಲ್ಲ. ‘ನೋಡಿದೇನ ಐಶು? ಮನಸ್ಸು ಬದ್ಲಿ ಮಾಡ್ಯಾರ’ ಎಂದಳು ಆಯಿ. ನಾನು ಅಳುತ್ತಾ ಎಲ್ಲಾ ಹೇಳಿಬಿಟ್ಟೆ, ಅಷ್ಟು ದಿನ ಹಚ್ಚಿದ್ದು ನಾನೇ ಎಂದು. ಆಕೆ ನನ್ನ ಗಲ್ಲ ಸವರಿ, ‘ನಿನ್ನ ಕೈಲೆ ಅವರಽ ಹಚ್ಚಿಸ್ಯಾರ, ಖೋಡಿ’ ಎಂದಳು. ಮತ್ತೆ ಇವತ್ತಿನದು ಯಾರ ಕೈ ಎಂದು ಕೇಳಿದೆ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನನ್ನ ಗಲ್ಲಕ್ಕೆ ಬಾದಾಮಿ ಎಣ್ಣೆ ಮೆತ್ತಿತ್ತು.

ಆಯಿಯ ದಿಂಬಿನ ಚೀಲದಲ್ಲಿ ಆಕೆ ನುಂಗದೆ ಬಚ್ಚಿಟ್ಟ ಬಿ.ಪಿ. ಗುಳಿಗೆ ಎಂಟು ಸಿಕ್ಕಿವೆ, ನಾಲ್ಕು ದಿನದ್ದು. ಅಂಕಲ್‌ಗೂ ತೋರಿಸಿದ್ದೇನೆ, ನನ್ನನ್ನು ನಂಬದಿದ್ದರೆ ಅವರನ್ನು ಕೇಳಿ. ಇವತ್ತಿನ ಗುಳಿಗೆ ನನ್ನ ಎದುರಿಗೆ ಬಾಯಿಗೆ ಹಾಕಿಕೊಂಡು ಹಿತ್ತಲಲ್ಲಿ ಉಗುಳಿ ಬಂದಳು. ಡಾಕ್ಟರ ಹತ್ತಿರ ಹೋಗೋಣವೆಂದರೆ ನಗುತ್ತಾಳೆ. ಬಣ್ಣ ಮುಗಿಯಲಿ ಎಂದು ಕಾಯಬೇಡಿ ಅಪ್ಪಾಜಿ. ಇವತ್ತೇ ಹೊರಡಿ. ಅಂಗಳದಲ್ಲಿ ನಿಲ್ಲದೆ ನೇರ ಒಳಗೆ ಬನ್ನಿ, ಆ ಗೋಡೆಗೆ ಬೆನ್ನು ಕೊಟ್ಟು ಪಲಂಗದ ಮೇಲೆ ಕೂತು, ಆಕೆ ಕೇಳಿದ್ದಕ್ಕೆ ನೀವೇ ಬಾಯಿಬಿಟ್ಟು ಹೇಳಿ: ‘ಬ್ಯಾಡವ್ವಾ, ಹೋಗಬ್ಯಾಡ.’